ನೈಲಾನ್ ಬುಷ್ ಸೀಳುವುದು ಯಾಕೆ? ನೀರಲ್ಲಿ ಕುದಿಸಿ ಕೊಟ್ಟರೆ ಮೋಸವೇ?

ಪ್ರಶ್ನೆ: ಸರ್, ನಮಸ್ಕಾರ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಪ್ಲಾಸ್ಟಿಕ್ ಕರಗಿಸಿ ಡೈಗೆ ಒತ್ತುವ ಮೂರು ಇಂಜೆಕ್ಷನ್ ಮಷೀನಿನ ಸಣ್ಣ ಘಟಕ. ಬೆಳೆಗೆ ಔಷಧ ಹೊಡೆಯುವ ಪಂಪುಗಳಿಗೆ ನೈಲಾನ್ 6ರ ಬುಷ್ (ಪಿನ್ ಕೂರುವ ಕೊಳವೆಯಂಥ ಪೀಸು) ಮಾಡಿಕೊಡುತ್ತೇವೆ. ಹೊರ ಅಳತೆ 20 ಮಿ.ಮೀ., ರಂಧ್ರ 12 ಮಿ.ಮೀ., ತೂಕ ನಾಲ್ಕೂವರೆ ಗ್ರಾಂ. ಎಂಟು ಕ್ಯಾವಿಟಿ ಡೈ, ಅಂದರೆ ಒಂದು ಸಲಕ್ಕೆ ಎಂಟು ಪೀಸು. ರನ್ನರ್ (ಮಾಲು ಹರಿಯುವ ಕಾಲುವೆಯಲ್ಲಿ ಉಳಿಯುವ ಪ್ಲಾಸ್ಟಿಕ್) ಸೇರಿ ಒಂದು ಸಲದ ಶಾಟ್ ತೂಕ 52 ಗ್ರಾಂ, ಸೈಕಲ್ 30 ಸೆಕೆಂಡ್. ದಾಣಾ (ಪ್ಲಾಸ್ಟಿಕ್ ಕಾಳು) ಒಣಗಿಸಲು 25 ಕೆ.ಜಿ.ಯ ಬಿಸಿಗಾಳಿ ಹಾಪರ್ ಡ್ರೈಯರ್ ಇದೆ. ಪಂಪ್ ಜೋಡಿಸುವ ನಮ್ಮ ಗಿರಾಕಿ ವಿಜಯಪುರದವರು. ಅಲ್ಲಿ ಬುಷ್‌ಗೆ ಉಕ್ಕಿನ ಪಿನ್ ಒತ್ತುವಾಗ ನೂರಕ್ಕೆ ಹತ್ತು ಹನ್ನೆರಡು ಪೀಸು ಟಪ್ ಎಂದು ಸೀಳುತ್ತಿವೆ. ಮಳೆಗಾಲ ಶುರುವಾದ ಮೇಲೆ ಪೀಸಿನ ಮೇಲೆ ಬೆಳ್ಳಿ ಗೆರೆ ಬೇರೆ. ಡ್ರೈಯರ್ 110 ಡಿಗ್ರಿಗೆ ಏರಿಸಿದೆವು. ಗೆರೆ ಹೋಗಲಿಲ್ಲ, ಪೀಸು ಹಳದಿಯಾಯಿತು. ದಾಣಾ ಕೊಡುವವರನ್ನು ಬದಲಿಸಿದರೂ ಅದೇ ಕಥೆ. ಪಕ್ಕದ ಶೆಡ್ಡಿನವರು "ನೀರಲ್ಲಿ ಕುದಿಸಿ ಕಳಿಸಿ, ಒಡೆಯಲ್ಲ" ಅನ್ನುತ್ತಾರೆ. ಅದು ಗಿರಾಕಿಗೆ ಮೋಸ ಮಾಡಿದಂತೆ ಅಲ್ವಾ? ಗ್ಲಾಸ್ ಸೇರಿಸಿದ ನೈಲಾನ್ ಹಾಕಲೇ, ಹೊಸ ಡ್ರೈಯರ್ ಕೊಳ್ಳಲೇ?

ಉತ್ತರ: ಅಳತೆ, ತೂಕ, ಸೈಕಲ್ ಎಲ್ಲ ಬರೆದಿದ್ದಕ್ಕೆ ಮೊದಲು ಧನ್ಯವಾದ. ನಿಮ್ಮ ಉತ್ತರದ ಅರ್ಧ ಆ ಅಂಕಿಗಳಲ್ಲೇ ಇದೆ.

ಕುದಿಸುವುದು ಮೋಸ ಅಲ್ಲ. ನೈಲಾನ್ ಪೀಸಿಗೆ ನೀರು ಕುಡಿಸುವುದು ಜಗತ್ತಿನ ಎಲ್ಲ ಕಡೆ ನಡೆಯುವ, ಲೆಕ್ಕಕ್ಕೆ ಒಳಪಟ್ಟ ಕೆಲಸ. ಪರೀಕ್ಷೆಗೆ ಮೊದಲು ನೈಲಾನ್ ಮಾದರಿಗೆ ತೇವ ಏರಿಸುವುದಕ್ಕೆ ಐಎಸ್‌ಒ 1110 ಎಂಬ ಮಾನದಂಡವೇ ಇದೆ. 70 ಡಿಗ್ರಿ ಶಾಖ, ನೂರಕ್ಕೆ 62ರಷ್ಟು ತೇವ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ದಾಣಾ ಕರಗುವ ಬ್ಯಾರೆಲ್ ಒಳಗೆ ಕೆಟ್ಟ ಪೀಸನ್ನು ಯಾವ ನೀರಲ್ಲಿ ಕುದಿಸಿದರೂ ಅದು ಸರಿಯಾಗುವುದಿಲ್ಲ. ನಿಮ್ಮ ಬುಷ್ ಯಾವ ಜಾತಿಯದು ಅನ್ನುವುದನ್ನು ಮೊದಲು ತಿಳಿಯಬೇಕು.

ನೀರು ನೈಲಾನ್‌ಗೆ ಎರಡು ಕಡೆ ಸಿಗುತ್ತದೆ. ಡೈಗೆ ಹೋಗುವ ಮೊದಲು ದಾಣಾದಲ್ಲಿ, ಡೈಯಿಂದ ಬಂದ ಮೇಲೆ ಪೀಸಿನಲ್ಲಿ. ಅದೇ ನೀರು. ಮಾಡುವ ಕೆಲಸ ಮಾತ್ರ ತದ್ವಿರುದ್ಧ.

ನೈಲಾನ್ ಅಂದರೆ ಉದ್ದುದ್ದ ಸರಪಳಿಗಳ ಗಂಟು. ಸರಪಳಿಯ ತುದಿಗೆ ತುದಿ ಕೂಡಿ ಉದ್ದವಾಗುವಾಗ ನೀರು ಹೊರಗೆ ಬರುತ್ತದೆ. ಅದೇ ಸರಪಳಿಯನ್ನು 240, 250 ಡಿಗ್ರಿಯಲ್ಲಿ ಕರಗಿಸಿ ನೀರು ಕೊಟ್ಟರೆ ಕೊಂಡಿ ತಿರುಗಿ ಬಿಚ್ಚುತ್ತದೆ. ಸರಪಳಿ ತುಂಡಾಗುತ್ತದೆ. ಮಾಲು ನೀರಿನಂತೆ ತೆಳ್ಳಗಾಗಿ ನಾಝಲ್‌ನಿಂದ ತಾನೇ ಸುರಿಯುತ್ತದೆ, ಡೈ ಸಂದಿಯಲ್ಲಿ ನುಗ್ಗಿ ತೆಳು ಅಂಚು, ಅಂದರೆ ಫ್ಲ್ಯಾಶ್, ಬರುತ್ತದೆ. ಉಳಿದ ನೀರು ಆವಿಯಾಗಿ ಪೀಸಿನ ಮೈಮೇಲೆ ಬೆಳ್ಳಿ ಗೆರೆ ಎಳೆಯುತ್ತದೆ. ಉದ್ಯಮಬಾಗ್‌ನವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಅಕ್ಕಪಕ್ಕದ ಫೌಂಡ್ರಿಯಲ್ಲಿ ಮರಳು ಹಸಿಯಾದರೆ ಎರಕದಲ್ಲಿ ಆವಿಯಿಂದ ತೂತು, ಬ್ಲೋಹೋಲ್, ಬೀಳುತ್ತದಲ್ಲ, ಗೆರೆಯ ಕಥೆ ಅದೇ. ಆದರೆ ಫೌಂಡ್ರಿಯಲ್ಲಿ ಲೋಹ ಕೆಡುವುದಿಲ್ಲ, ಕರಗಿಸಿ ಮತ್ತೆ ಸುರಿಯಬಹುದು. ಇಲ್ಲಿ ಮಾಲೇ ಕೆಟ್ಟಿರುತ್ತದೆ.

ಪೀಸು ಆದ ಮೇಲಿನ ನೀರು ಬೇರೆ. ಆಗ ಅದು ಸರಪಳಿ ಕಡಿಯುವುದಿಲ್ಲ, ಸರಪಳಿಗಳ ನಡುವೆ ಹೋಗಿ ಕೂರುತ್ತದೆ. ಬಿಗಿಯಾಗಿದ್ದದ್ದು ಸ್ವಲ್ಪ ಸಡಿಲವಾಗುತ್ತದೆ, ಬಾಗುವ ಗುಣ ಬರುತ್ತದೆ. ನಮ್ಮ ಕಡೆಯ ಖಡಕ್ ರೊಟ್ಟಿ ನೆನೆಸಿಕೊಳ್ಳಿ. ಬುಟ್ಟಿಯಲ್ಲಿ ಒಣಗಿರುವಾಗ ಮುಟ್ಟಿದರೆ ಮುರಿಯುತ್ತದೆ. ಜುಲೈ ತಿಂಗಳ ಥಂಡಿಯಲ್ಲಿ ಒಂದು ರಾತ್ರಿ ತೆರೆದಿಟ್ಟರೆ ಮೆತ್ತಗಾಗಿ ಮಡಚಲು ಬರುತ್ತದೆ. ಡೈಯಿಂದ ಈಗಷ್ಟೇ ಬಿದ್ದ ನೈಲಾನ್ ಪೀಸು ಆ ಖಡಕ್ ರೊಟ್ಟಿ ಇದ್ದಂತೆ. ಅದರೊಳಗೆ ನೀರೇ ಇರುವುದಿಲ್ಲ. ನೂರಕ್ಕೆ 50 ತೇವದ ಗಾಳಿಯಲ್ಲಿ ಇಟ್ಟರೆ ನೈಲಾನ್ 6 ನಿಧಾನವಾಗಿ ತನ್ನ ತೂಕದ ಎರಡೂವರೆಯಿಂದ ಮೂರು ಶೇಕಡದಷ್ಟು ನೀರು ಎಳೆದುಕೊಳ್ಳುತ್ತದೆ. ನೀರಲ್ಲೇ ಮುಳುಗಿಸಿಟ್ಟರೆ ಒಂಬತ್ತು ಶೇಕಡದ ಹತ್ತಿರ ಹೋಗುತ್ತದೆ. ಒಣ ಪೀಸಿನ ಬಿರುಸು, ಅಂದರೆ ಮಾಡ್ಯುಲಸ್, 3,000 ಮೆಗಾಪಾಸ್ಕಲ್ ಆಸುಪಾಸು ಇರುತ್ತದೆ. ನೀರು ಕುಡಿದ ಮೇಲೆ 1,000ದ ಹತ್ತಿರಕ್ಕೆ ಇಳಿಯುತ್ತದೆ. ಬದಲಿಗೆ ಪೆಟ್ಟು ತಾಳುವ ಶಕ್ತಿ ಹಲವು ಪಟ್ಟು ಏರುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಘಟಕದಲ್ಲಿ ಏಪ್ರಿಲ್‌ನಲ್ಲಿ ಮಾಡಿದ ನೈಲಾನ್ ಕ್ಲಿಪ್‌ಗಳು ಜೋಡಣೆಯಲ್ಲಿ ರಾಶಿರಾಶಿ ಮುರಿದವು. ದಾಣಾ ಸರಿಯಿಲ್ಲ ಎಂದು ನಾನೇ ಷರಾ ಬರೆದೆ. ಇಡೀ ಲಾಟು ವಾಪಸ್ ಬಂತು. ಅದರ ಒಂದು ಪೆಟ್ಟಿಗೆ ಸ್ಟೋರಿನ ಮೂಲೆಯಲ್ಲಿ ಉಳಿದುಹೋಗಿತ್ತು. ಆಗಸ್ಟ್‌ನಲ್ಲಿ ಕೈಗೆ ಸಿಕ್ಕಾಗ ಒಂದು ಕ್ಲಿಪ್ ಬಗ್ಗಿಸಿ ನೋಡಿದೆ, ಚರ್ಮದ ಪಟ್ಟಿಯಂತೆ ಬಗ್ಗಿತು. ಇನ್ನೊಂದನ್ನು ಕಬ್ಬಿಣದ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದೆ. ಚಪ್ಪಟೆಯಾಯಿತೇ ಹೊರತು ಒಡೆಯಲಿಲ್ಲ. ಅದೇ ದಾಣಾ, ಅದೇ ಡೈ, ಅದೇ ಲಾಟು. ಒಳ್ಳೆಯ ಮಾಲನ್ನು ಕೆಟ್ಟದ್ದೆಂದು ಬರೆದಿದ್ದೆ. ಆ ಷರಾದಿಂದ ಒಬ್ಬ ಸಪ್ಲೈಯರಿಗೆ ಆದ ನಷ್ಟ ಇವತ್ತಿಗೂ ನನಗೆ ಕೊರೆಯುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ದಾಣಾದವರನ್ನು ಬೈಯುವ ಮೊದಲು ಒಡೆದ ಪೀಸನ್ನು ನೋಡಿ.

ಹೇಗೆ ನೋಡಬೇಕು? ವಿಜಯಪುರದಿಂದ ಒಡೆದ ಬುಷ್‌ಗಳನ್ನೆಲ್ಲ ತರಿಸಿಕೊಳ್ಳಿ. ಒಂದನ್ನೂ ಎಸೆಯದಂತೆ ಹೇಳಿ. ಬಿಳಿ ಕಾಗದದ ಮೇಲೆ ಹರಡಿ, ಒಂದೊಂದನ್ನೇ ಎತ್ತಿ ಎರಡು ಸಂಗತಿ ಬರೆದುಕೊಳ್ಳಿ: ಯಾವ ಕ್ಯಾವಿಟಿ ನಂಬರ್, ಬಿರುಕು ಎಲ್ಲಿದೆ.

ಕ್ಯಾವಿಟಿ ನಂಬರ್ ಯಾಕೆ ಕೇಳುತ್ತೇನೆಂದರೆ, ನಿಮ್ಮ ಡೈಯಲ್ಲಿ ಎಂಟು ಕ್ಯಾವಿಟಿ. ಎಂಟರಲ್ಲಿ ಒಂದು ಅಂದರೆ ನೂರಕ್ಕೆ ಹನ್ನೆರಡೂವರೆ. ನಿಮ್ಮಲ್ಲಿ ಒಡೆಯುತ್ತಿರುವುದು ಹತ್ತು ಹನ್ನೆರಡು. ಇದು ಕಾಕತಾಳೀಯ ಇರಬಹುದು. ಆದರೆ ಪತ್ರ ಓದಿದ ಕೂಡಲೇ ನನ್ನ ಕಣ್ಣು ಹೋದದ್ದು ಅಲ್ಲಿಗೆ. ಒಡೆದವೆಲ್ಲ ಒಂದೇ ಕ್ಯಾವಿಟಿಯವಾದರೆ ದಾಣಾ, ಡ್ರೈಯರ್, ಹವೆ ಎಲ್ಲ ಪಕ್ಕಕ್ಕಿಡಿ. ಆ ಕ್ಯಾವಿಟಿಗೆ ಮಾಲು ನುಗ್ಗುವ ಬಾಯಿ, ಅಂದರೆ ಗೇಟು, ಸವೆದಿದೆಯೋ, ಗಾಳಿ ಹೋಗುವ ವೆಂಟ್ ಮುಚ್ಚಿದೆಯೋ, ರಂಧ್ರ ಮೂಡಿಸುವ ಕೋರ್ ಪಿನ್ ದಪ್ಪ ಕಡಿಮೆಯಾಗಿ ರಂಧ್ರ ಕಿರಿದಾಗಿದೆಯೋ ನೋಡಿ. ರಂಧ್ರ ಸ್ವಲ್ಪ ಕಿರಿದಾದರೂ ಪಿನ್ ಹೋಗುವಾಗ ಬುಷ್ ಮೇಲೆ ಎಳೆತ ಬಹಳ ಜಾಸ್ತಿಯಾಗುತ್ತದೆ. ಡೈ ಮೇಲೆ ಕ್ಯಾವಿಟಿ ನಂಬರ್ ಕೊರೆಸಿಲ್ಲದಿದ್ದರೆ ಇವತ್ತೇ ಕೊರೆಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗಕ್ಕೆ ಬರುವ ಕೆಲಸ ಮೋಲ್ಡಿಂಗ್‌ನಲ್ಲಿ ಬೇರೆ ಇಲ್ಲ.

ಎರಡನೆಯದು ಬಿರುಕಿನ ಜಾಗ. ಬುಷ್‌ಗೆ ಒಂದು ಕಡೆಯಿಂದ ಮಾಲು ಬರುತ್ತದೆ. ಕೋರ್ ಪಿನ್ನಿನ ಎಡಕ್ಕೂ ಬಲಕ್ಕೂ ಸೀಳಿ ಹರಿದು ಗೇಟಿನ ಎದುರು ಬದಿಯಲ್ಲಿ ಮತ್ತೆ ಕೂಡುತ್ತದೆ. ಅಲ್ಲೊಂದು ಕೂದಲೆಳೆಯಂಥ ಗೆರೆ, ವೆಲ್ಡ್ ಲೈನ್, ಇರುತ್ತದೆ. ಮಾಲು ತಣ್ಣಗಾಗಿ ಬಂದು ಕೂಡಿದರೆ ಆ ಬೆಸುಗೆ ಕಚ್ಚಾ ಆಗುತ್ತದೆ. ಬಿರುಕುಗಳೆಲ್ಲ ಗೇಟಿನ ಎದುರೇ ಇದ್ದರೆ ದೋಷ ಬೆಸುಗೆಯದು. ಆಗ ಡೈ ಬಿಸಿ ನೋಡಿ. ಹೆಚ್ಚಿನ ಕಡೆ ಬೋರ್‌ವೆಲ್ ನೀರನ್ನು ಸೀದಾ ಡೈಗೆ ಬಿಡುತ್ತಾರೆ, ಸೈಕಲ್ ಬೇಗ ಆಗಲಿ ಎಂದು. ನೈಲಾನ್ 6ಕ್ಕೆ ಡೈ 60ರಿಂದ 80 ಡಿಗ್ರಿ ಇರಬೇಕು. ಜೊತೆಗೆ ಇಂಜೆಕ್ಷನ್ ವೇಗ ಏರಿಸಿ, ಆ ಜಾಗದಲ್ಲಿ ವೆಂಟ್ ಕೊಡಿ. ವೆಂಟ್ ಆಳ 0.02 ಮಿ.ಮೀ. ಒಳಗೇ ಇರಲಿ, ನೈಲಾನ್ ಅದಕ್ಕಿಂತ ದೊಡ್ಡ ಸಂದಿಯಲ್ಲಿ ನುಗ್ಗುತ್ತದೆ.

ಒಡೆದ ಪೀಸುಗಳು ಎಲ್ಲ ಕ್ಯಾವಿಟಿಯಲ್ಲೂ ಹಂಚಿದ್ದು, ಬಿರುಕು ಎಲ್ಲೆಂದರಲ್ಲಿ ಇದ್ದರೆ ಆಗ ನೀರಿನ ಪರೀಕ್ಷೆಗೆ ಬನ್ನಿ.

ಡೈಯಿಂದ ಬಂದ ನೂರು ಒಳ್ಳೆಯ ಬುಷ್ ತೆಗೆದುಕೊಂಡು ತೂಗಿ. 450 ಗ್ರಾಂ ಬರುತ್ತದೆ. ಜಾಲರಿ ಚೀಲದಲ್ಲಿ ಕಟ್ಟಿ, 80 ಡಿಗ್ರಿ ಆಸುಪಾಸಿನ ಬಿಸಿ ನೀರಲ್ಲಿ ಪೂರ್ತಿ ಮುಳುಗಿಸಿ, ಪಾತ್ರೆ ಮುಚ್ಚಿ. ಎರಡು ಗಂಟೆಗೊಮ್ಮೆ ತೆಗೆದು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ತೂಗಿ. 461 ಗ್ರಾಂ ಹತ್ತಿರ ಬಂದರೆ ಎರಡೂವರೆ ಶೇಕಡ ನೀರು ಒಳಗೆ ಹೋಯಿತು ಎಂದರ್ಥ. ಎಷ್ಟು ಗಂಟೆ ಬೇಕು ಅನ್ನುವುದು ಗೋಡೆಯ ದಪ್ಪದ ಮೇಲೆ, ನೀರಿನ ಬಿಸಿಯ ಮೇಲೆ ಹೋಗುತ್ತದೆ. ಅದಕ್ಕೇ ಗಂಟೆ ಲೆಕ್ಕ ಬೇಡ, ತೂಕವನ್ನೇ ನಂಬಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಬಿಡಿ. ಬಿಸಿ ನೀರಿಂದ ತೆಗೆದಾಗ ನೀರೆಲ್ಲ ಮೈಮೇಲೇ ಇರುತ್ತದೆ, ನಡುವೆ ಇನ್ನೂ ಒಣಗಿರುತ್ತದೆ. ಚೀಲದಲ್ಲಿದ್ದಾಗ ಅದು ಒಳಗೂ ಹರಡುತ್ತದೆ.

ಈಗ ಈ ನೂರಕ್ಕೂ, ನೀರು ಕುಡಿಸದ ಇನ್ನೊಂದು ನೂರಕ್ಕೂ ಪಿನ್ ಒತ್ತಿ. ನೀರು ಕುಡಿದವು ಸೀಳದೆ, ಒಣಗಿದವು ಮಾತ್ರ ಸೀಳಿದರೆ ನಿಮ್ಮ ಮೋಲ್ಡಿಂಗ್ ಚೆನ್ನಾಗಿದೆ, ಪೀಸಿಗೆ ನೀರು ಸಾಲದು ಅಷ್ಟೆ. ಪಕ್ಕದ ಶೆಡ್ಡಿನವರು ಹೇಳಿದ್ದೇ ಸರಿ. ನೀರು ಕುಡಿದ ಮೇಲೂ ಅಷ್ಟೇ ಸೀಳಿದರೆ ಮಾಲು ಬ್ಯಾರೆಲ್‌ನಲ್ಲೇ ಸತ್ತಿದೆ. ಖಾತ್ರಿ ಬೇಕಿದ್ದರೆ ದಾಣಾ ಒಂದಿಷ್ಟು, ಪೀಸು ಒಂದಿಷ್ಟು ಮೈಸೂರಿನ ಸಿಪೆಟ್‌ನಂಥ ಪ್ಲಾಸ್ಟಿಕ್ ಸಂಸ್ಥೆಗೆ ಕೊಟ್ಟು ಎರಡರ ವಿಸ್ಕಾಸಿಟಿ (ಮಂದತನ) ಹೋಲಿಸಿಕೊಡಲು ಕೇಳಿ. ದಾಣಾಗಿಂತ ಪೀಸಿನದು ಬಹಳ ಕೆಳಗಿದ್ದರೆ ಸರಪಳಿ ತುಂಡಾಗಿದೆ.

ಬೆಳ್ಳಿ ಗೆರೆ ಬರುತ್ತಿದೆ ಅನ್ನುತ್ತೀರಿ. ಹಾಗಾಗಿ ಈ ಮಳೆಗಾಲದ ಮಾಲಿನಲ್ಲಿ ಎರಡನೆಯದೂ, ಅಂದರೆ ಬ್ಯಾರೆಲ್‌ನಲ್ಲಿ ಕೆಟ್ಟದ್ದೂ, ಸೇರಿದೆ ಎಂದೇ ನನ್ನ ಅಂದಾಜು. ಇನ್ನು ಡ್ರೈಯರ್ ವಿಷಯ.

ಬಿಸಿಗಾಳಿ ಡ್ರೈಯರ್ ಶೆಡ್ಡಿನ ಗಾಳಿಯನ್ನೇ ಎಳೆದು ಕಾಯಿಸಿ ಬಿಡುತ್ತದೆ. ಅದು ಗಾಳಿಯ ನೀರನ್ನು ತೆಗೆಯುವುದಿಲ್ಲ. ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ ಹಿಡಿದ ದಿನ ಹೊರಗೆ 24 ಡಿಗ್ರಿ, ತೇವ ನೂರಕ್ಕೆ 90 ಎಂದುಕೊಳ್ಳಿ. ಆ ಗಾಳಿಯನ್ನು 80 ಡಿಗ್ರಿಗೆ ಕಾಯಿಸಿದರೂ ತೇವ ನೂರಕ್ಕೆ ಐದಾರು ಉಳಿಯುತ್ತದೆ. ದಾಣಾ ಆ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಇಡೀ ರಾತ್ರಿ ಇಟ್ಟರೂ ಅದರ ಕೆಳಗೆ ಇಳಿಯದು. ನೀರು ಹೀರುವ ಡೆಸಿಕೆಂಟ್ ಇರುವ ಡಿಹ್ಯುಮಿಡಿಫೈಯಿಂಗ್ ಡ್ರೈಯರ್‌ನಲ್ಲಿ ಗಾಳಿಯ ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗತೊಡಗುವ ಶಾಖ) ಮೈನಸ್ 30 ಡಿಗ್ರಿಗೆ ಹೋಗುತ್ತದೆ. ಅಂಥ ಗಾಳಿಯನ್ನು 80ಕ್ಕೆ ಕಾಯಿಸಿದರೆ ತೇವ ನೂರಕ್ಕೆ 0.1ಕ್ಕಿಂತ ಕಡಿಮೆ. ವ್ಯತ್ಯಾಸ ಐವತ್ತು ಪಟ್ಟಿಗೂ ಮಿಕ್ಕಿ. ಬೇಸಿಗೆಯಲ್ಲಿ ನಿಮ್ಮ ಡ್ರೈಯರ್ ಹೇಗೋ ನಿಭಾಯಿಸಿದೆ, ಮಳೆಗಾಲದಲ್ಲಿ ಅದರ ಕೈಲಾಗುತ್ತಿಲ್ಲ.

110 ಡಿಗ್ರಿಗೆ ಏರಿಸಿದ್ದು ತಪ್ಪು ದಾರಿ. ನೀರು ಬೇಗ ಹೋಗುವುದೇನೋ ನಿಜ. ಆದರೆ ಬಿಸಿಗಾಳಿಯ ಆಮ್ಲಜನಕ ದಾಣಾವನ್ನು ಸುಡುತ್ತದೆ, ಹಳದಿ ಬಂದದ್ದು ಅದರಿಂದ. ಹಳದಿಯಾದ ಮಾಲಿನ ಬಲವೂ ಇಳಿಯುತ್ತದೆ. ಮತ್ತೆ 80ಕ್ಕೇ ತನ್ನಿ. ಹಳದಿಯಾದ ದಾಣಾ ಉಳಿದಿದ್ದರೆ ಈ ಬುಷ್‌ಗೆ ಹಾಕಬೇಡಿ.

ಹಾಗಾದರೆ 110ರಲ್ಲೂ ಗೆರೆ ಯಾಕೆ ಉಳಿಯಿತು? ನಿಮ್ಮ ಅಂಕಿಯಿಂದಲೇ ಲೆಕ್ಕ ಹಾಕೋಣ. 30 ಸೆಕೆಂಡಿಗೆ 52 ಗ್ರಾಂ ಅಂದರೆ ಗಂಟೆಗೆ 120 ಶಾಟ್, ಸುಮಾರು ಆರೂಕಾಲು ಕೆ.ಜಿ. 25 ಕೆ.ಜಿ. ಹಾಪರ್ ಬಾಯಿತನಕ ತುಂಬಿದ್ದರೆ ದಾಣಾ ಒಳಗೆ ನಾಲ್ಕು ಗಂಟೆ ಇರುತ್ತದೆ. ಒಣ ಗಾಳಿಯ ಡ್ರೈಯರ್‌ಗೆ ನಾಲ್ಕು ಗಂಟೆ ಸಾಕಾಗಬಹುದು, ಬಿಸಿಗಾಳಿಗೆ ಅದೂ ಕಡಿಮೆಯೇ. ನಾನು ನೋಡಿದ ಶೆಡ್ಡುಗಳಲ್ಲಿ ಹಾಪರ್ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಹುಡುಗ ಬಂದು ಒಂದು ಚೀಲ ಸುರಿದು ಹೋಗುತ್ತಾನೆ. ಆಗ ದಾಣಾಗೆ ಸಿಗುವುದು ಎರಡೇ ಗಂಟೆ. ಹೊರಗೆ ಬೆಂದು, ಒಳಗೆ ಹಸಿ. ಹಾಪರ್ ಯಾವಾಗಲೂ ತುಂಬಿರಲಿ. ಅರ್ಧ ಗಂಟೆಗೊಮ್ಮೆ ಮೂರು ಮೂರು ಕೆ.ಜಿ. ಹಾಕಿಸಿ.

ಇನ್ನೊಂದು ಅನುಮಾನ ನನಗೆ ರನ್ನರ್ ಮೇಲೆ. ಎಂಟು ಬುಷ್ ಸೇರಿ 36 ಗ್ರಾಂ, ಶಾಟ್ 52. ಉಳಿದ 16 ಗ್ರಾಂ ರನ್ನರ್. ಅಂದರೆ ಶಾಟಿನ ಮೂರನೇ ಒಂದರ ಹತ್ತಿರ. ಅದನ್ನೆಲ್ಲ ಗ್ರೈಂಡ್ ಮಾಡಿ ತಿರುಗಿ ಹಾಕಿದರೆ ಮಾಲಿನಲ್ಲಿ ನೂರಕ್ಕೆ ಮೂವತ್ತು ಹಳೇ ಮಾಲು. ಪಿನ್ ಒತ್ತುವ ಬುಷ್‌ಗೆ ನಾನು ಇಪ್ಪತ್ತಕ್ಕಿಂತ ಜಾಸ್ತಿ ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯ, ಗ್ರೈಂಡರ್ ಪಕ್ಕದ ತೆರೆದ ಡಬ್ಬದಲ್ಲಿ ಆ ಪುಡಿ ಎಷ್ಟು ದಿನ ಕೂತಿತ್ತು? ಒಡೆದ ಚೂರು ಇಡೀ ದಾಣಾಗಿಂತ ಬೇಗ ತೇವ ಎಳೆಯುತ್ತದೆ. ರನ್ನರ್ ಬಿಸಿಯಿರುವಾಗಲೇ ಗ್ರೈಂಡ್ ಮಾಡಿ ಅದೇ ಗಂಟೆಯಲ್ಲಿ ಹಾಪರ್‌ಗೆ ಹಾಕಿ, ಇಲ್ಲವೇ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಿ. ಚೀಲಕ್ಕೂ ಇದೇ ಮಾತು. ಒಳಗೆ ಫಾಯಿಲ್ ಇರುವ ಚೀಲ ಬಾಯಿ ಬಿಚ್ಚಿದ ಕೆಲವೇ ಗಂಟೆಯಲ್ಲಿ ಮಳೆಗಾಲದ ಗಾಳಿ ದಾಣಾವನ್ನು 0.2 ಶೇಕಡದ ಮಿತಿ ದಾಟಿಸುತ್ತದೆ. ನೈಲಾನ್ ಡೈಗೆ ಹೋಗುವಾಗ ತೇವ ಆ ಮಿತಿಯ ಕೆಳಗಿರಬೇಕು, 0.1ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ತೀರಾ ಒಣಗಿಸಿದರೆ ಮಾಲು ಮಂದವಾಗಿ ಡೈ ತುಂಬದೆ ಹೋಗುತ್ತದೆ ಅನ್ನುವುದೂ ನಿಜ, ಆದರೆ ಈಗಿನ ನಿಮ್ಮ ಡ್ರೈಯರ್‌ನಲ್ಲಿ ಆ ಚಿಂತೆ ಬೇಡ.

ತೇವ ಅಳೆಯುವ ಯಂತ್ರ ಇಲ್ಲದಿದ್ದರೆ ಎರಡು ಸುಲಭ ಪರೀಕ್ಷೆ ಇವೆ. ಒಂದು, ಬ್ಯಾರೆಲ್ ಹಿಂದೆ ಸರಿಸಿ ಕರಗಿದ ಮಾಲನ್ನು ತಗಡಿನ ಮೇಲೆ ಹೊರಗೆ ಬಿಟ್ಟು ಪರ್ಜ್ ಮಾಡಿ. ಒಣಗಿದ ನೈಲಾನ್ ಗಾಜಿನ ಹಗ್ಗದಂತೆ ನುಣ್ಣಗೆ, ಹೊಳಪಾಗಿ ಇಳಿಯುತ್ತದೆ. ಹಸಿಯಾದದ್ದು ಚಿಟಿಚಿಟಿ ಸದ್ದು ಮಾಡುತ್ತ ನೊರೆನೊರೆಯಾಗಿ ಹರಡುತ್ತದೆ. ಇನ್ನೊಂದು ನನಗೆ ಬಹಳ ಇಷ್ಟವಾದದ್ದು. ಲ್ಯಾಬಿನಲ್ಲಿ ಬಳಸುವ ಎರಡು ಗಾಜಿನ ಸ್ಲೈಡ್ ತನ್ನಿ. ಹಾಟ್ ಪ್ಲೇಟನ್ನು 270 ಡಿಗ್ರಿಗೆ ಕಾಯಿಸಿ ಸ್ಲೈಡ್ ಇಡಿ. ಹಾಪರ್ ತಳದಿಂದ ಆಗಷ್ಟೇ ತೆಗೆದ ನಾಲ್ಕೈದು ದಾಣಾ ಅದರ ಮೇಲಿಟ್ಟು ಎರಡನೇ ಸ್ಲೈಡಿನಿಂದ ಒತ್ತಿ. ಕರಗಿ ಬಿಲ್ಲೆಯಷ್ಟಗಲ ಆಗುತ್ತದೆ. ತೆಗೆದು ಬೆಳಕಿಗೆ ಹಿಡಿಯಿರಿ. ತಿಳಿಯಾಗಿದ್ದರೆ ಒಣಗಿದೆ. ಒಳಗೆ ಸಾಸಿವೆ ಕಾಳಿಗಿಂತ ಚಿಕ್ಕ ಗುಳ್ಳೆಗಳು ತುಂಬಿದ್ದರೆ ಇನ್ನೂ ನೀರಿದೆ. ಒಂದೆರಡು ಗುಳ್ಳೆ ಒತ್ತುವಾಗ ಸೇರಿದ ಗಾಳಿಯೂ ಇರಬಹುದು, ಮೂರು ಸಲ ಮಾಡಿ ನೋಡಿ. ದಪ್ಪ ಕೈಗವಸು, ಕನ್ನಡಕ ಇಲ್ಲದೆ ಯಾರೂ ಈ ಎರಡನ್ನೂ ಮಾಡಬಾರದು. ಕರಗಿದ ನೈಲಾನ್ ಚರ್ಮಕ್ಕೆ ಅಂಟಿದರೆ ಬಿಡಿಸಲು ಬರುವುದಿಲ್ಲ.

ಹೊಸ ಡ್ರೈಯರ್ ಬೇಕೇ? ನೈಲಾನ್ ಕೆಲಸ ವರ್ಷವಿಡೀ ಇದ್ದರೆ ಬೆಳಗಾವಿಯ ಮಳೆಗಾಲಕ್ಕೆ ಡಿಹ್ಯುಮಿಡಿಫೈಯಿಂಗ್ ಡ್ರೈಯರ್ ಬೇಕೇ ಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಮೂರು ಮಷೀನಿಗೆ ಮೂರು ಬೇಡ, ನೈಲಾನ್ ಓಡುವ ಒಂದಕ್ಕೆ ಸಾಕು. ಆದರೆ ಒಡೆದ ಪೀಸಿನ ಲೆಕ್ಕ ಮುಗಿಸಿದ ಮೇಲೆ ಕೊಳ್ಳಿ. ದೋಷ ಒಂದೇ ಕ್ಯಾವಿಟಿಯದಾದರೆ ಡ್ರೈಯರ್ ಬಂದರೂ ಸೀಳುವುದು ನಿಲ್ಲುವುದಿಲ್ಲ.

ಗ್ಲಾಸ್ ನೈಲಾನ್ ಬೇಡ. ಗ್ಲಾಸ್ ಸೇರಿದರೆ ಬಿರುಸು ಜಾಸ್ತಿಯಾಗುತ್ತದೆ, ಹಿಗ್ಗುವ ಗುಣ ಇಳಿಯುತ್ತದೆ. ವೆಲ್ಡ್ ಲೈನ್‌ನಲ್ಲಿ ಗ್ಲಾಸ್ ನಾರು ಆಚೆಯಿಂದ ಈಚೆಗೆ ದಾಟುವುದೇ ಇಲ್ಲ. ಪಿನ್ ಒತ್ತುವ ಬುಷ್ ಇನ್ನೂ ಬೇಗ ಸೀಳುತ್ತದೆ.

ಕುದಿಸಿ ಕೊಡಲು ಶುರು ಮಾಡುವ ಮೊದಲು ಗಿರಾಕಿಗೆ ತಿಳಿಸಿ. ಮುಚ್ಚಿಟ್ಟರೆ ಮಾತ್ರ ಅದು ಮೋಸ. ತಿಳಿಸಲೇಬೇಕಾದ ಇನ್ನೊಂದು ಕಾರಣ ಅಳತೆ. ಎರಡೂವರೆ ಶೇಕಡ ನೀರು ಕುಡಿದ ನೈಲಾನ್ 6 ಸುಮಾರು ಅರ್ಧ ಶೇಕಡಕ್ಕಿಂತ ಸ್ವಲ್ಪ ಜಾಸ್ತಿ ಉಬ್ಬುತ್ತದೆ. ನಿಮ್ಮ 20 ಮಿ.ಮೀ. ಹೊರ ಅಳತೆಗೆ 0.1 ಮಿ.ಮೀ. ದಾಟುತ್ತದೆ. ರಂಧ್ರ ಕಿರಿದಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಬಿಡಿಯಾಗಿರುವ ಬುಷ್‌ನಲ್ಲಿ ಹಾಗಾಗದು, ರಂಧ್ರವೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಹೊರಗಿನಿಂದ ಲೋಹದ ಗೂಡಿನಲ್ಲಿ ಬಿಗಿಯಾಗಿ ಕೂತಿದ್ದರೆ ಮಾತ್ರ ಒಳಕ್ಕೆ ಒತ್ತಿ ಕಿರಿದಾಗುತ್ತದೆ. ಆದ್ದರಿಂದ ಡ್ರಾಯಿಂಗ್‌ನಲ್ಲಿರುವ ಅಳತೆ ಒಣ ಪೀಸಿನದೋ ನೀರು ಕುಡಿದದ್ದರದೋ ಎಂದು ಇಬ್ಬರೂ ಕೂತು ಬರೆದುಕೊಳ್ಳಿ. ಪಿನ್ ತುದಿಗೆ ಇಳಿಜಾರು ಕೊಟ್ಟಿದ್ದಾರೋ, ಬುಷ್ ಬಾಯಿ ಚೂಪಾಗಿ ಬಿಟ್ಟಿದೆಯೋ ಅದನ್ನೂ ಆಗಲೇ ನೋಡಿ. ನೈಲಾನ್‌ಗೆ ಚೂಪು ಮೂಲೆ ಆಗದು.

ವಿಜಯಪುರದ ಬಗ್ಗೆ ಒಂದು ಮಾತು. ಬೆಳಗಾವಿಯ ಗಾಳಿಯಲ್ಲಿ ಮೆತ್ತಗಿದ್ದ ಪೀಸು ಅಲ್ಲಿನ ಏಪ್ರಿಲ್, ಮೇ ಬಿಸಿಲಿನ ಒಣ ಹವೆಯಲ್ಲಿ ನೀರು ಬಿಟ್ಟುಕೊಡುತ್ತದೆ, ಮತ್ತೆ ಖಡಕ್ ಆಗುತ್ತದೆ. ನಾಲ್ಕು ಮಿ.ಮೀ. ಗೋಡೆಗೆ ಇದು ವಾರಗಟ್ಟಲೆ ನಡೆಯುವ ಕೆಲಸ. ಹಾಗಾಗಿ ನೀರು ಕುಡಿಸಿದ ಬುಷ್‌ಗಳನ್ನು ಬಿಗಿ ಚೀಲದಲ್ಲಿ ಕಟ್ಟಿ ಕಳಿಸಿ, ಪಿನ್ ಒತ್ತುವ ದಿನವೇ ಬಿಚ್ಚಲು ಹೇಳಿ. ತಗಡಿನ ಶೆಡ್ಡಿನಲ್ಲಿ ತೆರೆದ ಕ್ರೇಟಿನಲ್ಲಿ ಒಂದು ಬೇಸಿಗೆ ಕಳೆದ ಬುಷ್ ನೀವು ಕಳಿಸಿದ ಬುಷ್ ಆಗಿ ಉಳಿದಿರುವುದಿಲ್ಲ.

ಕೊನೆಗೆ ಗಿರಾಕಿಯನ್ನು ಕೇಳಬೇಕಾದ ಒಂದು ಪ್ರಶ್ನೆ. ಜೋಡಿಸುವಾಗ ಸೀಳದೆ, ತೋಟದಲ್ಲಿ ತಿಂಗಳೆರಡು ತಿಂಗಳು ಓಡಿದ ಮೇಲೆ ಒಡೆದ ಬುಷ್‌ಗಳೂ ಇವೆಯೇ? ಇದ್ದರೆ ಆ ಪಂಪಿನಲ್ಲಿ ಏನು ಹೊಡೆದಿದ್ದರು ಎಂದು ವಿಚಾರಿಸಿ. ಹಣ್ಣಿನ ಬೆಳೆಗೆ ಕ್ಯಾಲ್ಸಿಯಂ ಕ್ಲೋರೈಡ್ ಸಿಂಪಡಿಸುವವರಿದ್ದಾರೆ. ಆ ಉಪ್ಪು, ಹಾಗೆಯೇ ಜಿಂಕ್ ಕ್ಲೋರೈಡ್, ಎಳೆತದಲ್ಲಿರುವ ನೈಲಾನ್ 6ರ ಮೇಲೆ ನಿಂತರೆ ಸಣ್ಣ ಸಣ್ಣ ಬಿರುಕು ಎಬ್ಬಿಸುತ್ತದೆ. ಆ ಬಿರುಕು ಮೋಲ್ಡಿಂಗ್‌ನಿಂದ ಬಂದದ್ದಲ್ಲ, ಡ್ರೈಯರ್‌ನಿಂದ ಹೋಗುವುದೂ ಇಲ್ಲ. ಅದಕ್ಕೆ ಬೇರೆ ಮಾಲನ್ನೇ ಆರಿಸಬೇಕಾಗುತ್ತದೆ. ಒಡೆದ ಪೀಸುಗಳ ಕ್ಯಾವಿಟಿ ನಂಬರ್ ಪಟ್ಟಿಯ ಜೊತೆ ಈ ಉತ್ತರವನ್ನೂ ಬರೆದು ಕಳಿಸಿ. ಯಾವ ಮಾಲು ಅನ್ನುವುದನ್ನು ಆಮೇಲೆ ಮಾತಾಡೋಣ.